ಚಾದರ ಒಣಗುವವರೆಗೆ

ಅವನಿಗೆ ‘ಹೌದಪ್ಪ’ ಎಂದು ಹೆಸರಿಟ್ಟವಳು ಆ ಮನೆಯ ಅಡುಗೆಯವಳು. ಅವನು ಬಂದ ಮೊದಲ ದಿನ ಅಡುಗೆಮನೆಯ ನೆಲದ ಮೇಲೆ ಹಾಲು ಹರಿದಿತ್ತು.

“ಚೆಲ್ಲಿದ್ದು ನೀನೇನಾ?” ಎಂದು ಕೇಳಿದಳು.

“ಹೌದು,” ಎಂದ.

ತಿರುಗಿ ನೋಡಿದರೆ ಬೆಕ್ಕು ಒಲೆಯ ಮಗ್ಗುಲಲ್ಲಿ ಮೀಸೆ ನೆಕ್ಕಿಕೊಳ್ಳುತ್ತಾ ಕೂತಿತ್ತು.

“ನಿನ್ನೆ ಮಳೆ ಸುರಿಸಿದ್ದೂ ನೀನೇನಾ?”

“ಹೌದು.”

“ಸರಿಹೋಯ್ತು! ಹಾಗಾದ್ರೆ ನನ್ನ ಮಂಡಿ ನೋವಿಗೂ ನೀನೇ ಕಾರಣ ಬಿಡು,” ಎಂದು ಗೊಣಗುತ್ತಲೇ, ಉಳಿದಿದ್ದ ಹಾಲನ್ನು ಬಿಸಿ ಮಾಡಿ ಅವನ ಕೈಗೇ ಕೊಟ್ಟಳು.

ಬುದ್ಧಿ ನಿಧಾನವಾಗಿ ಬೆಳೆದವರು ಮೊಕದ್ದಮೆಯಲ್ಲಿ ಸಿಕ್ಕಿಕೊಂಡರೆ, ವಿಚಾರಣೆ ಮುಗಿಯುವ ತನಕ ನ್ಯಾಯಾಲಯ ಅವರನ್ನು ಜೈಲಿನ ಬದಲು ಆ ಮನೆಗೆ ಕಳಿಸುತ್ತಿತ್ತು. ಬಾಗಿಲಿಗೆ ಬೀಗವಿತ್ತು, ಕಿಟಕಿಗೆ ಹೂವಿನ ಪರದೆಯೂ ಇತ್ತು. ಪರದೆ ಹೊಲಿಸಿದವರು ಮನೆಯ ಮೇಲ್ವಿಚಾರಕಿ. ಎಲ್ಲರ ಬಾಯಲ್ಲೂ ಅವರು ಚಿಕ್ಕಮ್ಮ. ಬೀಗದ ಕೈಗಳ ಸದ್ದಿಗೆ ಕೆಲವರು ಬೆಚ್ಚುತ್ತಾರೆಂದು ಗೊಂಚಲನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು.

ಹೌದಪ್ಪನಿಗೆ ವಯಸ್ಸು ನಲವತ್ತರ ಆಸುಪಾಸು. ಅವನ ಬೀದಿಯಲ್ಲಿ ಸೈಕಲ್ ಅಂಗಡಿಯೊಂದು ಸುಟ್ಟುಹೋಗಿತ್ತು. ಪೊಲೀಸರು ಬಂದಾಗ ಖಾಲಿ ಬಕೆಟ್ ಹಿಡಿದು ಮೈಯೆಲ್ಲ ಮಸಿಯಾಗಿ ನಿಂತಿದ್ದವನು ಇವನು. “ಬೆಂಕಿ ಹಚ್ಚಿದ್ದು ನೀನೇನಾ?” ಎಂದು ಕೇಳಿದ್ದರು. ಇವನು ಏನೆಂದಿರಬಹುದೆಂದು ಹೇಳಬೇಕಾಗಿಲ್ಲ. ಆ ಒಂದು ಮಾತು ಬಿಟ್ಟರೆ ಮೊಕದ್ದಮೆಯಲ್ಲಿ ಬೇರೆ ಹುರುಳಿರಲಿಲ್ಲ. ಆದರೆ ನ್ಯಾಯಾಧೀಶರ ಮುಂದೆಯೂ ಅದನ್ನೇ ಹೇಳಿದನೆಂದರೆ, ಅವನು ಮನೆ ಸೇರುವುದು ಯಾವ ಕಾಲಕ್ಕೋ.

ಅವನಿಗಿದ್ದವಳು ಅಕ್ಕ ಒಬ್ಬಳೇ. ಬಟ್ಟೆ ಹೊಲಿದು ಬದುಕುವವಳು. ನೋಡಲು ಬಂದಾಗಲೆಲ್ಲ ತಮ್ಮನ ಅಂಗಿಯ ಗುಂಡಿಗಳನ್ನು ಎಳೆದೆಳೆದು ನೋಡಿ, ಸಡಿಲವಾಗದಿದ್ದರೂ ಒಂದನ್ನು ಬಿಗಿ ಮಾಡಿ ಹೋಗುತ್ತಿದ್ದಳು.

“ಶಾಲೇಲಿ ಗೊತ್ತಿಲ್ಲ ಅಂದ್ರೆ ಮೇಷ್ಟ್ರು ಹೊಡೀತಿದ್ರು ಚಿಕ್ಕಮ್ಮ. ಹೌದು ಅಂದ್ರೆ ಬಿಟ್ಬಿಡ್ತಿದ್ರು. ಅದೇ ತಲೇಲಿ ಗಟ್ಟಿಯಾಗಿ ಕೂತ್ಬಿಟ್ಟಿದೆ,” ಎಂದು ಸೂಜಿಗೆ ದಾರ ಪೋಣಿಸುತ್ತಾ ಹೇಳಿದ್ದಳು.

ಚಿಕ್ಕಮ್ಮನಿಗೆ ಅದು ಹೊಸದಲ್ಲ. ಹೌದೋ ಅಲ್ಲವೋ ಎಂಬಂಥ ಪ್ರಶ್ನೆಯನ್ನು ಅಲ್ಲಿ ಯಾರೂ ಯಾರಿಗೂ ಕೇಳಕೂಡದೆಂಬುದು ಅವರು ಮಾಡಿದ ಕಟ್ಟಳೆ. ಏನು, ಎಲ್ಲಿ, ಯಾವುದು ಎಂದು ಕೇಳಬೇಕು, ಉತ್ತರ ಬರುವ ತನಕ ಕಾಯಬೇಕು. “ಟೀ ಬೇಕಾ ಅಂತ ಕೇಳೋ ಹಾಗಿಲ್ಲ. ಟೀ, ಹಾಲು ಎರಡೂ ಮುಂದಿಟ್ಟು, ಮಹಾರಾಜರ ಅಪ್ಪಣೆ ಆಗೋವರೆಗೂ ಕೈಕಟ್ಟಿ ನಿಂತಿರ್ಬೇಕು,” ಎಂದು ಅಡುಗೆಯವಳು ಹಂಗಿಸುತ್ತಿದ್ದಳು. ಹಂಗಿಸುತ್ತಲೇ ನಿಂತೂ ಇರುತ್ತಿದ್ದಳು.

ವಿಚಾರಣೆ ಹತ್ತಿರ ಬಂದಂತೆ ಚಿಕ್ಕಮ್ಮನೇ ಎದೆಗುಂದಿದರು. ಇವನ ಬಾಯಲ್ಲಿ ಒಂದೇ ಒಂದು ‘ಇಲ್ಲ’ ಬರಿಸಿದರೆ ಸಾಕೆನಿಸಿ, ಕಪ್ಪು ಶಾಲು ಹೊದ್ದು ನ್ಯಾಯಾಧೀಶರಂತೆ ಕುರ್ಚಿಯಲ್ಲಿ ಕೂತರು.

“ನೀನು ಬೆಕ್ಕಾ?”

ಹೌದಪ್ಪ ಅವರ ಮುಖವನ್ನೇ ನೋಡಿದ. ಚಿಕ್ಕಮ್ಮನಿಗೆ ಏನೋ ಬೇಕಾಗಿದೆ ಎಂದು ಅವನಿಗೆ ತಿಳಿಯಿತು. ಏನೆಂದು ತಿಳಿಯಲಿಲ್ಲ.

“ಹೌದು,” ಎಂದ. ಅವರ ಮುಖ ಬಾಡಿದ್ದು ಕಂಡು, ಸಮಾಧಾನ ಮಾಡುವವನಂತೆ, “ಮಿಯಾಂವ್,” ಎಂದೂ ಸೇರಿಸಿದ.

ಅಡುಗೆಯವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಚಿಕ್ಕಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಆದರೂ ಪಾಠ ಬಿಡಲಿಲ್ಲ. ದಿನವೂ ಶಾಲು, ದಿನವೂ ಬೆಕ್ಕು.

ಅವನಿಗೆ ಪಾಠಕ್ಕಿಂತ ಚಾದರಗಳ ಮೇಲೆ ಮನಸ್ಸು. ಮನೆಯ ಚಾದರಗಳನ್ನೆಲ್ಲ ಹಗ್ಗಕ್ಕೆ ಹರವುವುದು, ಒಣಗಿದ ಮೇಲೆ ತೆಗೆದು ಮಡಿಸುವುದು ಅವನ ಕೆಲಸ. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದ. ತುಸು ತೇವವಿದ್ದರೂ ತೆಗೆಯುತ್ತಿರಲಿಲ್ಲ. ವಿಚಾರಣೆಯ ದಿನ ಬೆಳಿಗ್ಗೆಯೂ ಎಲ್ಲವನ್ನೂ ಹರವಿಯೇ ಗಾಡಿ ಹತ್ತಿದ.

ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಅವನು ನಿಲ್ಲಲಾರದೆ ಕಾಲು ಬದಲಾಯಿಸುವುದನ್ನು ಕಂಡು ಕುರ್ಚಿ ಹಾಕಿಸಿದರು. ಚಿಕ್ಕಮ್ಮ ಅವನ ಪಕ್ಕದಲ್ಲಿ ಕೂರುವುದಕ್ಕೂ ಒಪ್ಪಿಗೆ ಕೊಟ್ಟರು. ಆಮೇಲೆ ಕೇಳಿದರು:

“ಆ ಅಂಗಡಿಗೆ ಬೆಂಕಿ ಹಚ್ಚಿದ್ದು ನೀನೇನಪ್ಪಾ?”

“ಹೌದು.”

ಹಿಂದಿನ ಬೆಂಚಿನಲ್ಲಿ ಅಕ್ಕ ತಲೆ ತಗ್ಗಿಸಿದಳು. ಸರ್ಕಾರಿ ವಕೀಲರು ಕೈ ಚೆಲ್ಲಿ, “ಇನ್ನೇನು ಬೇಕು ಮೇಡಂ?” ಎಂದರು.

ಚಿಕ್ಕಮ್ಮ ಎದ್ದರು. ಇಷ್ಟು ದಿನ ತಾವೇ ಮಾಡಿದ ಕಟ್ಟಳೆಯನ್ನು ತಾವೇ ಮುರಿಯುತ್ತಾ ಕೂತಿದ್ದೆವಲ್ಲ ಎಂಬುದು ಅವರಿಗೆ ಆಗ ಹೊಳೆದಿತ್ತು.

“ಅಮ್ಮಾ, ನಿನ್ನೆ ಮಳೆ ಸುರಿಸಿದ್ದೂ ಅವನೇನಾ ಅಂತ ಒಂದ್ಸಲ ಕೇಳಿ ನೋಡಿ.”

ನ್ಯಾಯಾಧೀಶೆ ಹುಬ್ಬೇರಿಸಿದರೂ ಕೇಳಿದರು. “ಹೌದು,” ಎಂದ ಹೌದಪ್ಪ. ಯಾರೋ ಕಿಸಕ್ಕೆಂದರು.

“ಇದೆಲ್ಲ ಹೇಳಿಕೊಟ್ಟ ಪಾಠ,” ಎಂದರು ವಕೀಲರು.

“ಪಾಠ ಹೇಳಿಕೊಟ್ಟಿದ್ದು ನಿಜ ಸ್ವಾಮಿ. ಇಲ್ಲ ಅನ್ನು ಅಂತ. ಅದು ಅವನಿಗೆ ಹತ್ತಲೇ ಇಲ್ಲ. ತಪ್ಪು ನಂದು,” ಎಂದರು ಚಿಕ್ಕಮ್ಮ. “ಅಮ್ಮಾ, ಏನು, ಎಲ್ಲಿ ಅಂತ ಕೇಳಿ. ಸ್ವಲ್ಪ ಕಾಯ್ಬೇಕಾಗುತ್ತೆ.”

ಅಷ್ಟರಲ್ಲಿ ಹೌದಪ್ಪನ ಕಣ್ಣು ಕಿಟಕಿಯ ಕಡೆ ತಿರುಗಿತ್ತು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು.

“ಅಲ್ಲೇನು ನೋಡ್ತಾ ಇದ್ದೀಯಾ?”

“ಮೋಡ.”

“ಅವತ್ತು ಅಂಗಡಿ ಹತ್ರ ಏನು ನೋಡಿದೆ?”

ವಕೀಲರು ಬಾಯಿ ತೆರೆದರು. ನ್ಯಾಯಾಧೀಶೆ ಬೆರಳೆತ್ತಿ ತಡೆದರು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು.

“ಹೊಗೆ,” ಎಂದ ಕೊನೆಗೆ. “ಬಾಗಿಲ ಕೆಳಗಿಂದ ಬಂತು. ಒಳಗೆ ವೈರು ಪಟಪಟ ಅಂತು. ಕೂಗ್ದೆ. ಯಾರೂ ಬರ್ಲಿಲ್ಲ.”

“ಬಕೆಟ್ ಎಲ್ಲಿಂದ ಬಂತು?”

“ಅಕ್ಕನ ಬಕೆಟ್. ನೀರು ಹಾಕ್ದೆ. ಮತ್ತೆ ತಂದು ಹಾಕ್ದೆ.” ಅವನು ಅಂಗಿಯ ಗುಂಡಿಯನ್ನು ಹಿಡಿದುಕೊಂಡ. “ಸಾಲಲಿಲ್ಲ.”

ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಚಿಕ್ಕಮ್ಮ ಕೇಳಿರಲೇ ಇಲ್ಲ. ಸರ್ಕಾರಿ ವಕೀಲರು ಮತ್ತೇನೂ ಹೇಳದೆ, ತಮ್ಮ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ಅವನ ಕಡೆ ಸರಿಸಿದರು. ಅದನ್ನು ಚಿಕ್ಕಮ್ಮ ಬಹಳ ದಿನ ನೆನೆಸಿಕೊಂಡರು.

ಪೊಲೀಸರ ಮುಂದೆಯೂ ಇಲ್ಲಿಯೂ ಹೇಳಿದ ಆ ‘ಹೌದು’ ನಂಬತಕ್ಕದ್ದಲ್ಲ, ಬೇರೆ ಸಾಕ್ಷಿಯೂ ಇಲ್ಲ, ಇವನನ್ನು ಬಿಡುಗಡೆ ಮಾಡಬಹುದು ಎಂದು ನ್ಯಾಯಾಧೀಶೆ ಬರೆಸಿದರು. ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಮುಂದೆ ಬಂದಳು. ಸಂತೋಷದಲ್ಲಿ ನ್ಯಾಯಾಧೀಶೆಯೂ ಮರೆತು ಹಳೆಯ ರೀತಿಯಲ್ಲೇ ಕೇಳಿಬಿಟ್ಟರು:

“ಇಲ್ಲಿಂದಲೇ ಅಕ್ಕನ ಮನೆಗೆ ಹೋಗ್ತೀಯಾ?”

“ಇಲ್ಲ.”

ಅಕ್ಕನ ಕಾಲು ಅಲ್ಲೇ ನಿಂತಿತು. ಅವನ ಬಾಯಲ್ಲಿ ಆ ಮಾತು ಚಿಕ್ಕಮ್ಮ ಕೇಳಿದ್ದು ಇದೇ ಮೊದಲು.

“ಯಾಕಪ್ಪಾ?” ಎಂದರು ನ್ಯಾಯಾಧೀಶೆ.

ಹೌದಪ್ಪ ಇಷ್ಟೂ ತಿಳಿಯದೇ ಎಂಬಂತೆ ಕಿಟಕಿಯತ್ತ ಕೈ ತೋರಿಸಿದ. “ಮೋಡ ಬಂತು. ಚಾದರ ಹಗ್ಗದ ಮೇಲಿದೆ.”

“ಅಯ್ಯೋ ನನ್ನಪ್ಪಾ!” ಎಂದು ಅಕ್ಕ ಅಳುತ್ತಲೇ ನಕ್ಕುಬಿಟ್ಟಳು. “ನಡಿ, ಮೊದಲು ಅದನ್ನ ತೆಗೆಯೋಣ.”

ಅವರು ಆ ಮನೆ ಮುಟ್ಟುವ ಹೊತ್ತಿಗೆ ಹನಿ ಶುರುವಾಗಿತ್ತು. ಅಡುಗೆಯವಳು ಆಗಲೇ ಹಗ್ಗದ ಬಳಿ ಓಡಿ ಬಂದಿದ್ದಳು. ಚಾದರಗಳನ್ನು ಒಳಗೆ ತಂದು ಕುರ್ಚಿ, ಕಿಟಕಿ, ಬಾಗಿಲುಗಳ ಮೇಲೆಲ್ಲ ಹರವಿದರು. ಹೌದಪ್ಪ ಒಂದನ್ನು ಕೆನ್ನೆಗೆ ಒತ್ತಿ ನೋಡಿ, ಅಕ್ಕನ ಕೆನ್ನೆಗೂ ಒತ್ತಿದ.

“ಒಣಗಿದೆಯೇನೋ?” ಎಂದಳು ಅಕ್ಕ.

“ಇಲ್ಲ,” ಎಂದ.

ಅಡುಗೆಯವಳು ಟೀ, ಹಾಲು ಎರಡನ್ನೂ ತಂದು ಅವನ ಮುಂದಿಟ್ಟು ಕೈಕಟ್ಟಿ ನಿಂತಳು. ಚಿಕ್ಕಮ್ಮ ಬೀಗದ ಕೈ ಗೊಂಚಲಿನ ಕರವಸ್ತ್ರ ಬಿಚ್ಚಿ, ಬಾಗಿಲನ್ನು ಪೂರ್ತಿ ತೆರೆದು, ಚಾದರಗಳಿಗೆ ಗಾಳಿಯಾಡಲೆಂದು ಹಾಗೇ ಬಿಟ್ಟು, ಅಕ್ಕನ ಪಕ್ಕ ಬಂದು ಕೂತರು.