ಅಪ್ಪನ ಸಮಾಧಿಗೆ ಹತ್ತು ಜನ

ಕಾಲೇಜಿನ ದೊಡ್ಡ ಮೇಷ್ಟ್ರು ನನ್ನ ಮನೆ ಬಾಗಿಲಲ್ಲಿ ನಿಂತಾಗ ನಾನು ಬಟ್ಟೆ ಹಿಂಡುತ್ತಿದ್ದೆ. ಗುರುತು ಹಿಡಿಯುವುದೇನೂ ಕಷ್ಟವಾಗಲಿಲ್ಲ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಎದ್ದು ಶಾಪ ಹಾಕಿದ ಮುಖ ಮರೆಯುತ್ತದೆಯೇ? ಮೈ ಇಳಿದಿತ್ತು, ಕೋಟು ಮಾತ್ರ ಹಳೆಯ ಅಳತೆಯದೇ. ಮುಂದಿನ ತಿಂಗಳು ಹೃದಯದ ಆಪರೇಷನ್ ಅಂತೆ. ಸದ್ಯ, ಅದೊಂದು ಇದೆ ಎಂದು ಡಾಕ್ಟರಿಗಾದರೂ ಕಂಡಿತಲ್ಲ ಎಂದುಕೊಂಡೆ.

"ಕ್ಷಮಿಸಿಬಿಡಮ್ಮ. ದೇವರ ಹತ್ರ ಕೇಳ್ಕೊಂಡಿದ್ದೀನಿ, ಅವನು ಕ್ಷಮಿಸಿದ್ದಾನೆ. ನೀನೂ ಒಂದು ಮಾತು ಅಂದುಬಿಟ್ರೆ ನಿಶ್ಚಿಂತೆಯಾಗಿ ಹೋಗಿ ಮಲಗ್ತೀನಿ."

"ದೇವರಿಗೆ ನೀವೇನು ಮಾಡಿದ್ರಿ ಸಾರ್? ಮಾಡಿದ್ದು ನನಗೆ."

ಏನು ಮಾಡಿದರೆಂದು ಹೇಳಿಯೇಬಿಡುತ್ತೇನೆ. ಪಾದ್ರಿಗಳನ್ನು ತಯಾರು ಮಾಡುವ ನಮ್ಮ ಕಾಲೇಜಿನಲ್ಲಿ ಹೀಬ್ರೂ ಧರ್ಮಗ್ರಂಥ ಓದುವ ಕ್ರಮವೇ ಬೇರೆ. ಮೇಜಿನ ಎಡಕ್ಕೆ ಯೆಹೂದಿ ಪಂಡಿತರ ವ್ಯಾಖ್ಯಾನ, ಬಲಕ್ಕೆ ಕ್ರೈಸ್ತ ಪಂಡಿತರದು, ನಡುವೆ ಮೂಲ. ಇಬ್ಬಿಬ್ಬರು ಎದುರುಬದುರು ಕೂತು ಒಂದೊಂದು ವಾಕ್ಯಕ್ಕೂ ಜಗಳವಾಡಬೇಕು. ಜಗಳಕ್ಕೆ ನಾನೇನು ಹಿಂದೆ ಬೀಳುವವಳಲ್ಲ. ಅಪ್ಪ ದರ್ಜಿ. "ನನ್ನ ಮಗಳು ದೇವರ ಮಾತನ್ನೂ ಬಟ್ಟೆ ಥರ ಎರಡೂ ಮಗ್ಗುಲು ತಿರುಗಿಸಿ ನೋಡ್ತಾಳೆ" ಎಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದ. ಮನುಷ್ಯನಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸಬಹುದೇ, ಈ ಎರಡು ಸಂಪ್ರದಾಯಗಳು ಏನೆನ್ನುತ್ತವೆ ಎಂದು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ರಬಂಧ ಬರೆದೆ. ತಿದ್ದಿ ಕೊಡುತ್ತೇನೆಂದು ಒಯ್ದ ದೊಡ್ಡ ಮೇಷ್ಟ್ರು ಅದನ್ನು ತಮ್ಮ ಹೆಸರಿನಲ್ಲಿ ಪುಸ್ತಕ ಮಾಡಿ ಹೆಂಡತಿಗೆ ಅರ್ಪಿಸಿದರು. ನಾನು ದೂರು ಕೊಟ್ಟೆ. ಸಮಿತಿಯ ಮುಂದೆ ಅವರು, "ಪಾಪ, ಹುಡುಗಿ. ನನ್ನದನ್ನೇ ನಕಲು ಮಾಡಿದಾಳೆ. ಜಾಸ್ತಿ ಶಿಕ್ಷೆ ಬೇಡ" ಎಂದು ಕಣ್ಣು ಒರೆಸಿಕೊಂಡರು. ಕಾಲೇಜು ನನ್ನನ್ನು ಹೊರಗೆ ಹಾಕಿತು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ನುಂಗಲಾರದ್ದು ಅಪ್ಪನ ಮಾತು. ಹಾಸಿಗೆ ಹಿಡಿದಿದ್ದವನು ನನ್ನ ಕೈ ಹಿಡಿದು ಕೇಳಿದ, "ನಿಜ ಹೇಳು ಮಗಳೇ, ಕದ್ದೆಯಾ?"

ಇಲ್ಲ ಎಂದೆ. ಆಣೆ ಮಾಡಿದೆ.

"ಹೋಗ್ಲಿ ಬಿಡು. ನಾನು ಕ್ಷಮಿಸಿದ್ದೀನಿ" ಎಂದು ತಲೆ ಸವರಿದ. ಮಾರನೆಯ ದಿನ ಹೋಗಿಬಿಟ್ಟ. ಮಾಡದ ತಪ್ಪಿಗೆ ಹೆತ್ತಪ್ಪನಿಂದಲೇ ಕ್ಷಮೆ ಪಡೆದವಳ ಸಂಕಟ ಶತ್ರುವಿಗೂ ಬೇಡ ಎನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ನನ್ನ ಶತ್ರುವಿಗೆ ಅದು ಬರಲೇಬೇಕಿತ್ತು.

"ಕೇಳಿದ್ದು ಒಂದು ಸಲ ಆಯ್ತು. ಕ್ಷಮಿಸಲ್ಲ" ಎಂದೆ. "ಮೂರು ಸಲ ಕೇಳ್ಬೇಕು ಸಾರ್, ಸಾಕ್ಷಿ ಕರ್ಕೊಂಡು ಬಂದು. ಯೆಹೂದಿ ಪಂಡಿತರ ಮಾತು. ನೀವು ಕದ್ದ ಪುಸ್ತಕದಲ್ಲೇ ಇದೆ, ನಾಲ್ಕನೇ ಅಧ್ಯಾಯ. ಓದಿಲ್ವಾ?"

"ನಾನು ಕ್ರೈಸ್ತನಮ್ಮ..."

"ದೇವರ ಹತ್ರ ಬರೋ ಮೊದಲು ಮುನಿದವರ ಹತ್ರ ಹೋಗಿ ಬಾ ಅಂತ ನಮ್ಮ ಕ್ರೈಸ್ತರ ಕಡೇನೂ ಇದೆ. ನೀವು ಸುಲಭದ್ದನ್ನ ಆರಿಸ್ಕೊಂಡ್ರಿ, ಅಷ್ಟೇ."

ಮುಂದಿನ ವಾರ ಹಳೆಯ ಸಮಿತಿಯ ಮೂವರನ್ನು ಕರೆದುಕೊಂಡು ಬಂದರು. ನನ್ನ ಮನೆಯಲ್ಲಿರುವುದು ಎರಡೇ ಕುರ್ಚಿ. ಉಳಿದಿಬ್ಬರು ನನ್ನ ಮಂಚದ ಅಂಚಿನಲ್ಲಿ ಮುದುರಿ ಕೂತರು.

"ಏನೋ ತಪ್ಪು ಆಗಿರಬಹುದು" ಎಂದರು ದೊಡ್ಡ ಮೇಷ್ಟ್ರು.

"ಆಗಿರಬಹುದು ಅನ್ನೋದು ಹವಾಮಾನ ವರದಿ ಸಾರ್, ಕ್ಷಮೆ ಕೇಳೋದಲ್ಲ."

ಸಮಿತಿಯ ಬೋಳುತಲೆ ಸಮಾಧಾನ ಮಾಡಲು ಬಂದರು. "ಹಳೇ ಮಾತು, ಬಿಟ್ಟುಬಿಡಮ್ಮ."

"ನಿಮಗೆ ಹಳೇದು. ನನಗೆ ಇವತ್ತು ಬೆಳಿಗ್ಗೇದು. ಇದು ಎರಡನೇ ಸಲ. ಇಲ್ಲ. ಮೂರನೇ ಸಲ ನಮ್ಮಪ್ಪನ ಮುಂದೆ. ನಾವು ನೋಯಿಸಿದವರು ಸತ್ತುಹೋಗಿದ್ರೆ ಹತ್ತು ಜನರನ್ನ ಸಮಾಧಿ ಹತ್ರ ಕರ್ಕೊಂಡು ಹೋಗಿ, ಮಾಡಿದ್ದನ್ನ ಬಾಯಿಬಿಟ್ಟು ಹೇಳ್ಬೇಕು. ಅದೂ ಅದೇ ಅಧ್ಯಾಯ."

ಬರಲಾರರು ಎಂದುಕೊಂಡಿದ್ದೆ. ಸಾವಿನ ಭಯ ಏನೇನೋ ಮಾಡಿಸುತ್ತದೆ, ಬಂದರು. ಅವರು ಕರೆತಂದು ಸಮಾಧಿಯ ಸುತ್ತ ನಿಲ್ಲಿಸಿದವರನ್ನು ಎಣಿಸಿದೆ. ಒಂಬತ್ತು.

"ಇನ್ನೊಬ್ರು ಸಿಗಲಿಲ್ಲಮ್ಮ."

"ಕಾರಲ್ಲಿ ಕೂತಿದಾರಲ್ಲ, ಅವರನ್ನ ಕರೀರಿ."

ಕೂತಿದ್ದವರು ಅವರ ಹೆಂಡತಿ. ದೊಡ್ಡ ಮೇಷ್ಟ್ರ ಮುಖ ಸುಣ್ಣದಂತಾಯಿತು. "ಅವಳೊಬ್ಬಳು ಬೇಡ. ಕೈ ಮುಗೀತೀನಿ."

"ಹಾಗಾದ್ರೆ ಆಪರೇಷನ್ನಿಗೆ ಹೀಗೇ ಹೋಗಿ."

ಆಕೆ ಬಂದರು, ಕೈಯಲ್ಲಿ ಬಿಳಿ ಹೂವು. ಯಾರದೋ ನೆನಪಿನ ಪ್ರಾರ್ಥನೆ ಎಂದು ಹೇಳಿ ಕರೆತಂದಿದ್ದರಂತೆ. ದೊಡ್ಡ ಮೇಷ್ಟ್ರು ಕಲ್ಲಿನ ಕಡೆ ತಿರುಗಿ ಹೇಳಿದರು. ಪ್ರಬಂಧ ನನ್ನದು, ಕದ್ದವರು ತಾವು, ಸಮಿತಿಯ ಮುಂದೆ ಹೇಳಿದ್ದು ಸುಳ್ಳು, ಈ ದರ್ಜಿಯ ಮಗಳು ಏನೂ ಕದ್ದಿಲ್ಲ. ಅಪ್ಪಾ, ಕೇಳಿಸಿತೇನೋ ಎಂದು ನನ್ನ ಎದೆ ಕೂಗಿಕೊಂಡಿತು. ಇಷ್ಟು ವರ್ಷ ಒಂದು ಹನಿ ಬರದ ಕಣ್ಣಿನಿಂದ ದಳದಳ ನೀರು ಇಳಿಯಿತು.

"ನನಗೆ ಅರ್ಪಿಸಿದ ಆ ಪುಸ್ತಕಾನಾ?" ಎಂದರು ಅವರ ಹೆಂಡತಿ. ಉತ್ತರಕ್ಕೆ ಕಾಯಲಿಲ್ಲ. ಹೂವನ್ನು ಅಪ್ಪನ ಕಲ್ಲಿನ ಮೇಲಿಟ್ಟು, ಕಾರನ್ನು ದಾಟಿ, ಗೇಟಿನಾಚೆ ನಡೆದೇ ಹೋದರು. ಗಂಡ ಕರೆದರೂ ತಿರುಗಲಿಲ್ಲ. ನನಗೆ ಅಯ್ಯೋ ಎನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ದೊಡ್ಡ ಮೇಷ್ಟ್ರು ನನ್ನ ಕಡೆ ತಿರುಗಿ ಮೂರನೆಯ ಸಲ ಕೇಳಿದರು. ಈ ಸಲ ಅಧ್ಯಾಯ ಓದಿಕೊಂಡೇ ಬಂದಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೂರನೆಯ ಸಲವೂ ಒಲ್ಲೆ ಎಂದರೆ ಕೇಳಿದವನು ಮುಕ್ತ, ಪಾಪವೆಲ್ಲ ಒಲ್ಲೆ ಎಂದವಳ ತಲೆಗೆ. ಆ ಸಾಲು ಬರೆದವಳು ನಾನೇ.

"ಇಲ್ಲ" ಎಂದೆ.

ಬೋಳುತಲೆ ಗಾಬರಿಬಿದ್ದರು. "ಹೂಂ ಅಂದುಬಿಡಮ್ಮ. ಪಾಪ ನಿನಗೇ ಸುತ್ಕೊಳ್ಳುತ್ತೆ."

"ಸುತ್ಕೊಳ್ಳಲಿ ಸಾರ್. ಇಷ್ಟು ವರ್ಷ ಮಾಡದೇ ಇರೋದನ್ನ ಹೊತ್ತೆ. ಇದು ನಾನೇ ಮಾಡಿದ್ದು, ಆರಾಮಾಗಿ ಹೊರ್ತೀನಿ."