ತೀರಾ ಶುದ್ಧ ನೀರು

ನನ್ನ ಗಂಡ ತಿಂಗಳುಗಟ್ಟಲೆ ಕೂತು ಒಂದು ಕಾಫಿ ಯಂತ್ರ ಆರಿಸಿದರು. ನನ್ನನ್ನು ಆರಿಸಲು ಅವರಿಗೆ ಒಂದು ಸಂಜೆ ಸಾಕಾಗಿತ್ತು. ಅದೂ ಪಕ್ಕದಲ್ಲಿ ಕೂತಿದ್ದ ಅವರ ಅಕ್ಕ ಆಗಬಹುದು ಎಂದು ತಲೆಯಾಡಿಸಿದ ಮೇಲೆ.

ಆ ತಿಂಗಳುಗಳಲ್ಲಿ ಊಟಕ್ಕೆ ಕೂತರೆ ನಮ್ಮಲ್ಲಿ ಬೇರೆ ಮಾತಿರಲಿಲ್ಲ. ಒಂದೇ ಬಾಯ್ಲರ್ ಇರುವ ಯಂತ್ರವಾದರೆ ಮೊದಲು ಕಾಫಿ ಇಳಿಸಿಕೊಂಡು, ಆಮೇಲೆ ಹಾಲು ನೊರೆ ಬರಿಸುವ ಹಬೆಗೆ ಕಾಯಬೇಕಂತೆ. ಎರಡು ಬಾಯ್ಲರ್ ಇದ್ದರೆ ಒಂದು ಕಾಫಿಗೆ, ಇನ್ನೊಂದು ಹಬೆಗೆ, ಎರಡೂ ಕೆಲಸ ಒಟ್ಟಿಗೆ. "ಕಾಯೋ ಮಾತೇ ಇಲ್ಲ ಕಣೇ" ಎಂದು ತುತ್ತು ಕೈಯಲ್ಲೇ ಹಿಡಿದು ಹೇಳುತ್ತಿದ್ದರು. ಮನೆಯಲ್ಲಿ ಇರುವವರು ನಾವಿಬ್ಬರು. ಇಬ್ಬರೂ ಕಾಫಿಗೆ ಹಾಲು ಹಾಕುವವರಲ್ಲ. ಹಾಗಿದ್ದ ಮೇಲೆ ಹಬೆ ಯಾರಿಗೆ ಎಂದು ಕೇಳಿದ್ದಕ್ಕೆ "ನಿಂಗೆ ಅರ್ಥ ಆಗಲ್ಲ ಬಿಡು" ಅಂದರು. ನಿಜ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕೊನೆಗೂ ಬಂದ ಯಂತ್ರ ಅಡುಗೆಮನೆಯ ಅರ್ಧ ಕಟ್ಟೆ ನುಂಗಿತು. ಅದರ ತಲೆ ಮೇಲಿನ ಶೆಲ್ಫಿಗೆ ತಾಗುತ್ತದೆಂದು ಬಡಗಿಯನ್ನು ಕರೆಸಿ ಶೆಲ್ಫನ್ನೇ ಕೊಯ್ಯಿಸಿದರು. ನನ್ನ ಹಿಟ್ಟಿನ ಡಬ್ಬ, ಸಕ್ಕರೆ ಡಬ್ಬಗಳು ಬಚ್ಚಲ ಪಕ್ಕದ ಕಪಾಟು ಸೇರಿದವು. ಎರಡೂ ಬಾಯ್ಲರ್ ಕಾದು ಹದಕ್ಕೆ ಬರುವಷ್ಟರಲ್ಲಿ ನಾನು ಸ್ನಾನ ಮುಗಿಸಿ ಬಟ್ಟೆ ಒಣಗಹಾಕಿ ಬಂದಿರುತ್ತಿದ್ದೆ. ಕಾಯೋ ಮಾತೇ ಇಲ್ಲ ಎಂದಿದ್ದ ಮಹಾನುಭಾವರು ಅದರ ಮುಂದೆ ಮೀನು ಕಂಡ ಬೆಕ್ಕಿನ ಹಾಗೆ ಕೂತಿರುತ್ತಿದ್ದರು.

ಇಷ್ಟನ್ನೂ ನಾನು ಸಹಿಸಿಕೊಂಡಿದ್ದು, ಅವರು ನನಗೆ ಒಂದು ಮಾತು ಕೊಟ್ಟಿದ್ದರೆಂದು. ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಇದ್ದದ್ದು ನಮ್ಮ ಮನೆಯಲ್ಲೇ. ನಾನು ಕನ್ನಡಕದ ಅಂಗಡಿಯ ಕೆಲಸಕ್ಕೆ ಅರ್ಧ ದಿನ ಮಾತ್ರ ಹೋಗಿ, ಉಳಿದ ಹೊತ್ತು ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದೆ, ಮೈ ಒರೆಸುತ್ತಿದ್ದೆ, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಅವರು ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ದೊಡ್ಡ ಡಾಕ್ಟರಾದ ಗಂಡನ ಅಕ್ಕ (ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ) ಬಂದವರೆಲ್ಲರ ಎದುರು ನನ್ನನ್ನೇ ನೋಡಿ ಅಂದರು: "ಸರಿಯಾಗಿ ನೋಡ್ಕೊಂಡಿದ್ರೆ ಅಮ್ಮ ಇನ್ನೂ ಇರ್ತಿದ್ಲು." ನನ್ನ ಗಂಡನಿಗೆ ಎಲ್ಲವೂ ಗೊತ್ತಿತ್ತು. ಆದರೂ ಕೈಗಡಿಯಾರದ ಪಟ್ಟಿ ತಿರುಗಿಸುತ್ತ ನಿಂತಿದ್ದರು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು.

ಈಗ ಅತ್ತಿಗೆ ತಾವಾಗಿಯೇ ಫೋನ್ ಮಾಡಿ ಭಾನುವಾರ ಬರುತ್ತೇನೆ ಅಂದಿದ್ದರು. "ಈ ಸಲ ನಾನೇ ಹೇಳ್ತೀನಿ," ಎಂದು ನನ್ನ ಗಂಡ ಹಳೆಯ ಮಾತನ್ನೇ ಮತ್ತೆ ಕೊಟ್ಟರು. "ನೀನು ಅವತ್ತು ಆಡಿದ್ದು ತಪ್ಪು, ಇವಳು ಅಮ್ಮನ್ನ ಚೆನ್ನಾಗಿ ನೋಡ್ಕೊಂಡಿದ್ಲು ಅಂತ ಮುಖಕ್ಕೇ ಹೇಳ್ತೀನಿ." ನನಗೆ ಬೇಕಿದ್ದದ್ದು ಅಷ್ಟೇ. ಒಡವೆ ಕೇಳಿದವಳಲ್ಲ, ಈ ಒಂದು ಮಾತು ಕೇಳಿದ್ದೆ.

ಭಾನುವಾರ ಬೆಳಗ್ಗೆ ಆಸಾಮಿ ಮಾಡಿದ್ದೇನು? ಅವರಿಗೆ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಹಿಂದಿನ ದಿನವೇ ಅಲ್ಲಿಂದ ಒಂದು ಕ್ಯಾನು ಬಟ್ಟಿ ಇಳಿಸಿದ ನೀರು ತಂದಿಟ್ಟಿದ್ದರು. ಯಂತ್ರ ಕಾದು ಸಿದ್ಧವಾದ ಮೇಲೆ ಅದರ ತೊಟ್ಟಿಯಲ್ಲಿದ್ದ ನಲ್ಲಿ ನೀರನ್ನು ಚೆಲ್ಲಿ, ಈ ನೀರನ್ನು ಅಂಚಿನವರೆಗೆ ತುಂಬಿದರು. "ನಲ್ಲಿ ನೀರಲ್ಲಿ ಸುಣ್ಣ ಕಟ್ಟುತ್ತೆ. ಇದ್ರಷ್ಟು ಶುದ್ಧ ನೀರು ಈ ಊರಲ್ಲೇ ಯಾರೂ ಕುಡಿದಿರಲ್ಲ," ಎಂದು ಬೀಗಿದರು. ಅಕ್ಕನಿಗೆ ಹೇಳಬೇಕಾದ ಮಾತನ್ನು ಒಂದು ಸಲ ಬಾಯಲ್ಲಿ ಆಡಿ ನೋಡಿಕೊಂಡರೋ ಇಲ್ಲವೋ ನಾನು ಕಾಣೆ.

ಅತ್ತಿಗೆ ಬಂದರು. ಸೋಫಾದ ತುದಿಯಲ್ಲಿ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡರು. ನನ್ನ ಕಡೆ ನೋಡಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ನನ್ನ ಗಂಡ "ಮೊದ್ಲು ಕಾಫಿ, ಆಮೇಲೆ ಮಾತು" ಎಂದು ಅಡುಗೆಮನೆಗೆ ಓಡಿದರು. ಯುದ್ಧಕ್ಕೆ ಹೋಗಬೇಕಾದವನು ಬೂಟಿಗೆ ಪಾಲಿಶ್ ಮಾಡಲು ಕೂತ ಹಾಗೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊಣಗಾಟ ಶುರುವಾಯಿತು. ಹೋಗಿ ನೋಡಿದೆ. ಯಂತ್ರದ ಮುಖದ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ನೀರು ಖಾಲಿ ಎಂದು ಅದರ ಅರ್ಥ. ತೊಟ್ಟಿಯಲ್ಲಿ ನೀರು ತುಳುಕುತ್ತಿತ್ತು. ಗುಂಡಿ ಒತ್ತಿದರೆ ಪಂಪು ಕಮಕ್ ಕಿಮಕ್ ಅನ್ನಲಿಲ್ಲ.

"ತುಂಬಿದೆ, ಆದ್ರೂ ಖಾಲಿ ಅಂತಿದೆ!" ಎಂದರು. ತೊಟ್ಟಿ ತೆಗೆದು ಮತ್ತೆ ಕೂರಿಸಿದರು. ಆಫ್ ಮಾಡಿ ಮತ್ತೆ ಆನ್ ಮಾಡಿದರು. ಅಂಗಡಿಗೆ ಫೋನ್ ಮಾಡಿದರು. ಭಾನುವಾರ ಯಾವ ಅಂಗಡಿಯವನು ಎತ್ತುತ್ತಾನೆ? ಟಾರ್ಚು ಹಿಡಿದು ಯಂತ್ರದ ಬೆನ್ನ ಹಿಂದೆ ತಲೆ ತೂರಿಸಿದರು.

ಏನಾಗಿದೆ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಯಂತ್ರ ಕೂರಿಸಲು ಬಂದಿದ್ದ ಮೆಕ್ಯಾನಿಕ್ ನಮ್ಮಿಬ್ಬರಿಗೂ ಹೇಳಿದ್ದ: ತೊಟ್ಟಿಯಲ್ಲಿ ಎರಡು ಲೋಹದ ಕಡ್ಡಿಗಳಿವೆ, ನೀರಿನ ಮೂಲಕ ಒಂದಿಷ್ಟು ಕರೆಂಟು ಹರಿದರೆ ಮಾತ್ರ ನೀರಿದೆ ಎಂದು ಅವಕ್ಕೆ ತಿಳಿಯುತ್ತದೆ, ತೀರಾ ಶುದ್ಧ ನೀರಲ್ಲಿ ಕರೆಂಟು ಹರಿಯುವುದಿಲ್ಲ, ಹಾಕಬೇಡಿ. ಆಗ ನನ್ನ ಗಂಡ ಅವನ ಮಾತಿಗೆ ಕಿವಿ ಕೊಡದೆ, ತಾವು ಈ ಯಂತ್ರವನ್ನೇ ಯಾಕೆ ಆರಿಸಿದ್ದು ಎಂದು ಅವನಿಗೇ ಪಾಠ ಹೇಳುತ್ತಿದ್ದರು.

ನಾನು ಬಾಯಿ ಬಿಡಲಿಲ್ಲ. ಅವರು ಮೊದಲು ಹೊರಗೆ ಬಂದು ಅಕ್ಕನಿಗೆ ಹೇಳಬೇಕಾದ್ದನ್ನು ಹೇಳಲಿ, ಆಮೇಲೆ ನಾನೂ ನೀರಿನ ವಿಷಯ ಹೇಳುತ್ತೇನೆ ಎಂದುಕೊಂಡು ಬಾಗಿಲಿಗೆ ಒರಗಿ ನಿಂತೆ. "ರೀ, ಕಾಫಿ ಹಾಳಾಗ್ಲಿ. ಅತ್ತಿಗೆ ಒಬ್ರೇ ಕೂತಿದಾರೆ, ಹೋಗಿ ಮಾತಾಡಿ," ಎಂದೆ.

"ಒಂದ್ನಿಮಿಷ ಇರೇ," ಎಂದರು ಯಂತ್ರದ ಹಿಂದಿನಿಂದ.

ಒಂದು ನಿಮಿಷ ಹತ್ತಾಯಿತು. ಕೊನೆಗೆ ಅತ್ತಿಗೆಯೇ ಎದ್ದು ಬಂದರು. ಬಂದವರು ಸೆರಗು ಸಿಕ್ಕಿಸಿ ತಮ್ಮನ ಪಕ್ಕ ಮಂಡಿಯೂರಿದರು. ರಕ್ತ ಒಂದೇ ತಾನೇ! ಇಬ್ಬರೂ ನನಗೆ ಬೆನ್ನು ತೋರಿಸಿ, ಕೊಳವೆ, ವೈರು, ಸ್ವಿಚ್ಚು ಎಂದು ಗಂಭೀರವಾಗಿ ಚರ್ಚಿಸತೊಡಗಿದರು. ಮಾತು ಬಿಟ್ಟಿದ್ದ ಅಕ್ಕ ತಮ್ಮ ಒಂದಾದರು, ನಡುವೆ ನನ್ನ ಹೆಸರೇ ಬರಲಿಲ್ಲ.

ಆಮೇಲೆ ಬಂತು.

"ನಿನ್ನೆವರೆಗೂ ಚೆನ್ನಾಗಿತ್ತು ಅಂತೀಯ. ಯಾರಾದ್ರೂ ಮುಟ್ಟಿದ್ರೇನೋ ಇದನ್ನ?" ಎಂದು ಅತ್ತಿಗೆ ಕೇಳಿದರು.

ನನ್ನ ಗಂಡ ತಲೆ ಕೂಡ ಎತ್ತಲಿಲ್ಲ. "ಇವಳು ರಾತ್ರಿ ಒರೆಸ್ತಿದ್ಲು. ಸರಿಯಾಗಿ ನೋಡ್ಕೊಂಡಿಲ್ಲ ಅನ್ಸುತ್ತೆ."

ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ನಾನು ಕಾದಿದ್ದ ಬಾಯಿಂದ ಕೊನೆಗೆ ಉದುರಿದ ಮಾತು ಇದು. ಅಕ್ಕನ ಮಾತನ್ನು ತಪ್ಪು ಎನ್ನಬೇಕಾದವರು ಅದನ್ನೇ ಎತ್ತಿ ನನ್ನ ಮೇಲೆ ಒಗೆದಿದ್ದರು, ಒಗೆದದ್ದು ಅವರಿಗೆ ಗೊತ್ತೂ ಆಗಿರಲಿಲ್ಲ.

"ಸರಿ ರೀ," ಎಂದೆ. ತೊಟ್ಟಿಯನ್ನು ಎಳೆದು ಅರ್ಧ ನೀರನ್ನು ಸಿಂಕಿಗೆ ಚೆಲ್ಲಿದೆ. ಅವರು "ಏಯ್, ಏಯ್!" ಎನ್ನುವಷ್ಟರಲ್ಲಿ ನಲ್ಲಿಯ ಕೆಳಗೆ ಹಿಡಿದು ತುಂಬಿಸಿ ವಾಪಸ್ಸು ಕೂರಿಸಿದೆ. ಕೆಂಪು ದೀಪ ಆರಿತು. ಗುಂಡಿ ಒತ್ತಿದೆ, ಪಂಪು ಗುರ್ರೆಂದಿತು.

"ಯಂತ್ರಾನೂ ಸರಿಯಾಗೇ ನೋಡ್ಕೊಂಡಿದ್ದೆ. ನಿಮ್ಮಮ್ಮನ್ನೂ ಸರಿಯಾಗೇ ನೋಡ್ಕೊಂಡಿದ್ದೆ," ಎಂದೆ. ಇಬ್ಬರಿಗೂ ಸೇರಿಸಿ.

ಅತ್ತಿಗೆ ನಿಧಾನವಾಗಿ ಎದ್ದು ನಿಂತರು. ಅವರ ಮುಖ ಇಷ್ಟೇ ಇಷ್ಟಾಗಿತ್ತು. ನನ್ನ ಕಡೆ ತಿರುಗಿ ಬಾಯಿ ತೆರೆದರು. ಅದೇ ಹೊತ್ತಿಗೆ ನನ್ನ ಗಂಡ ಜಗಳವಾದೀತೆಂದು ಹೆದರಿ ಹಬೆಯ ಹಿಡಿ ತಿರುಗಿಸಿಬಿಟ್ಟರು. ಹಾಲಿಲ್ಲ, ಪಾತ್ರೆಯಿಲ್ಲ, ಬರಿಯ ಗಾಳಿಗೆ ಬುಸ್ಸೆಂದು ಹಬೆ. ಒಂದು ಕಡೆ ಕಾಫಿ ಇಳಿಯುತ್ತಿದೆ, ಇನ್ನೊಂದು ಕಡೆ ಹಬೆ ಬುಸುಗುಡುತ್ತಿದೆ, ಅತ್ತಿಗೆಯ ತುಟಿ ಅಲ್ಲಾಡುತ್ತಿದೆ, ಒಂದಕ್ಷರ ಕೇಳುತ್ತಿಲ್ಲ.

ನಾನೇ ಕೈ ಚಾಚಿ ಹಿಡಿ ಮುಚ್ಚಿದೆ. "ಈಗ ಹೇಳಿ ಅತ್ತಿಗೆ."

"ತಪ್ಪಾಯ್ತು ಕಣೇ," ಎಂದರು ಅವರು. "ಅವತ್ತು ನಾನು ಬಂದಿದ್ದೇ ತಡವಾಗಿ. ಆ ಸಂಕಟಾನ ನಿನ್ನ ಮೇಲೆ ಹಾಕ್ದೆ. ಅದನ್ನ ಹೇಳೋಕೇ ಬಂದಿದ್ದು. ಇವನು ಎಲ್ಲಿ ಬಿಟ್ಟ?"

ನನ್ನ ಕಣ್ಣಲ್ಲಿ ನೀರು ಬಂತು. ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು. ಇಳಿದ ಮೇಲೆ ನೋಡಿದರೆ ಎದೆಯ ಭಾರ ಹಾಗೇ ಇತ್ತು. ಅದು ಅವರು ಹೊರಿಸಿದ್ದಾಗಿರಲಿಲ್ಲ.

ನನ್ನ ಗಂಡ ಹಣೆ ಒರೆಸಿಕೊಂಡು ನಕ್ಕರು. "ನೋಡಿದ್ಯಾ, ನೀವ್ನೀವೇ ಸರಿಹೋದ್ರಿ. ನಾನೇನೂ ಹೇಳ್ಬೇಕಾಗೇ ಬರ್ಲಿಲ್ಲ."

ಇಷ್ಟು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೆ. ಆ ನಗು ನೋಡಿದ ಮೇಲೆ ಅವರ ಮೇಲೆ ಸಿಟ್ಟು ಕೂಡ ಬರಲಿಲ್ಲ, ಬರೀ ಹೇಸಿಗೆಯಾಯಿತು. ಕಾಯುವುದಕ್ಕೆ ಅಲ್ಲಿ ಇನ್ನು ಏನೂ ಇರಲಿಲ್ಲ.

"ಅತ್ತಿಗೆ, ನಿಮ್ಮನೇಲಿ ಒಂದು ರೂಮು ಖಾಲಿ ಇದ್ಯಾ?" ಎಂದು ಕೇಳಿದೆ.

ಅವರು ತಮ್ಮನ ಮುಖ ನೋಡಿದರು, ಆಮೇಲೆ ನನ್ನ ಮುಖ. "ಇದೆ, ಬಾ," ಎಂದರು.