ಉದ್ದ ತಿರುವಿನ ಕೆಂಪು ದೀಪ

ಎಂಜಿನ್ ಕಟ್ಟಿದವಳು ಅಕ್ಕ, ಓಡಿಸುವವಳು ತಂಗಿ. ಹೋದ ವರ್ಷ ಇದೇ ರೇಸಿನಲ್ಲಿ ಅವರ ಸ್ಪೋರ್ಟ್ಸ್ ಕಾರಿನ ಬೇರಿಂಗ್ ಸುಟ್ಟು ಎಂಜಿನ್ನೇ ಹಾಳಾಗಿತ್ತು. ಉದ್ದನೆಯ ತಿರುವಿನಲ್ಲಿ ಜೋರಾಗಿ ಹೋದಾಗ ಆಯಿಲೆಲ್ಲ ಎಂಜಿನ್ ತಳದ ಚೇಂಬರಿನ ಒಂದು ಮಗ್ಗುಲಿಗೆ ಸರಿಯುತ್ತಿತ್ತು. ಪಂಪು ಬರೀ ಗಾಳಿ ಎಳೆದು, ಬೇರಿಂಗಿಗೆ ಆಯಿಲ್ ಸಿಗುತ್ತಿರಲಿಲ್ಲ. ಈ ಸಲ ಆಯಿಲ್ ಸರಿಯದಂತೆ ಅಕ್ಕ ಚೇಂಬರಿನೊಳಗೆ ತಗಡಿನ ಅಡ್ಡಗೋಡೆ ಬೆಸೆದಿದ್ದಳು. ಆದರೂ ರೇಸಿಗೆ ಮುಂಚೆ ತಂಗಿಯನ್ನು ಮತ್ತೆ ಎಚ್ಚರಿಸಿದಳು.

"ಆಯಿಲಿನ ಕೆಂಪು ದೀಪ ಒಂದ್ಸಲ ಮಿನುಗಿದ್ರೂ ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ತಗೊ. ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ನೋಡ್ಬೇಡ."

"ಎಷ್ಟು ಸಲ ಹೇಳ್ತೀಯಕ್ಕಾ? ಎಂಜಿನ್ ಕಟ್ಟಿದ್ದೀಯೋ, ಮಗು ಹೆತ್ತಿದ್ದೀಯೋ?" ತಂಗಿ ನಗುತ್ತ ಹೆಲ್ಮೆಟ್ ಹಾಕಿಕೊಂಡಳು.

ರೇಸ್ ಶುರುವಾಯಿತು. ಟ್ರ್ಯಾಕಿನ ಪಕ್ಕದ ಕಂಬಿ ಹಿಡಿದು ನಿಂತ ಅಕ್ಕನಿಗೆ ಮೈಯೆಲ್ಲ ಕಿವಿ. ಕಾರು ಉದ್ದ ತಿರುವಿಗೆ ಹೊಕ್ಕಾಗಲೆಲ್ಲ ಅವಳು ಉಸಿರು ಹಿಡಿಯುತ್ತಿದ್ದಳು, ಆಚೆ ಬಂದಾಗ ಬಿಡುತ್ತಿದ್ದಳು. ತಂಗಿ ಒಬ್ಬೊಬ್ಬರನ್ನೇ ಹಿಂದಿಕ್ಕಿ ಎರಡನೆಯವಳಾದಳು. ಇನ್ನೇನು ಮೊದಲಿನವನನ್ನೂ ದಾಟಬೇಕು, ಆಗ ಎಂಜಿನ್ ಸದ್ದು ತಟ್ಟನೆ ನಿಂತಿತು. ಕಾರು ಸದ್ದಿಲ್ಲದೆ ಸಾಗಿ ಪಕ್ಕದ ಹುಲ್ಲಿಗಿಳಿಯಿತು.

ಕಾರನ್ನು ಎಳೆದು ತಂದಾಗ ತಂಗಿಯ ಮುಖ ಬಿಳುಚಿಕೊಂಡಿತ್ತು.

"ದೀಪ ಬಂತು."

"ತಕ್ಷಣ ಆಫ್ ಮಾಡಿದ್ಯಾ?"

ತಂಗಿ ಗ್ಲೌಸ್ ಬಿಚ್ಚುತ್ತ ತಲೆ ತಗ್ಗಿಸಿದಳು. "ಗೆಲ್ತಾ ಇದ್ದೆ ಅಕ್ಕಾ. ಒಂದು ಕ್ಷಣ ನೋಡದವಳ ಥರ ಇರೋಣ ಅನ್ನಿಸ್ತು. ಆಮೇಲೆ ಭಯ ಆಯ್ತು, ಆಫ್ ಮಾಡ್ದೆ."

ಅಕ್ಕ ಗ್ಯಾರೇಜಿಗೆ ಬಂದವಳೇ ಆಯಿಲ್ ಫಿಲ್ಟರ್ ಬಿಚ್ಚಿ ಕತ್ತರಿಸಿ, ಒಳಗಿನ ಕಾಗದವನ್ನು ಬೆಳಕಿಗೆ ಹಿಡಿದಳು. ಬೇರಿಂಗ್ ಸವೆದಿದ್ದರೆ ಅದರ ಪುಡಿ ಅಲ್ಲಿ ಮಿಂಚಬೇಕು. ಮಿಂಚಲಿಲ್ಲ. ನಂಬಿಕೆ ಬರದೆ ಚೇಂಬರ್ ಇಳಿಸಿದಳು. ಅಡ್ಡಗೋಡೆಯ ಒಂದು ಮೂಲೆಯಲ್ಲಿ ಬೆಸುಗೆ ಬಿಟ್ಟಿತ್ತು.

"ಇದು ನನ್ನ ತಪ್ಪು," ಎಂದಳು ಅಕ್ಕ ಮೆಲ್ಲಗೆ.

ಬೇರಿಂಗ್ ತೆಗೆಯಲು ಹೋದಾಗ ಅವಳ ಸ್ಪ್ಯಾನರ್ ಎರಡು ಸಲ ಜಾರಿತು. ತಂಗಿ ಅದನ್ನು ತೆಗೆದುಕೊಂಡು ತಾನೇ ಬೋಲ್ಟ್ ಬಿಚ್ಚಿದಳು. ಅಕ್ಕ ಬೇರಿಂಗನ್ನು ಒರೆಸಿ, ಗೀರು ಬಿದ್ದಿದೆಯೇ ಎಂದು ಅದರ ಮೇಲೆ ಉಗುರು ಎಳೆದಳು. ಎಲ್ಲೂ ತಡೆಯಲಿಲ್ಲ, ನುಣ್ಣಗೆ ಜಾರಿತು.

"ಉಳ್ಕೊಂಡಿದೆ."

"ನಿಜವಾಗ್ಲೂ?"

"ಒಂದು ಉಳಿದಿದೆ. ಮಿಕ್ಕಿದ್ದನ್ನೂ ಬಿಚ್ಚು."

ಒಂದೊಂದಾಗಿ ಎಲ್ಲವನ್ನೂ ನೋಡಿದರು. ಒಂದರಲ್ಲೂ ಗೀರಿರಲಿಲ್ಲ. ತಂಗಿ ನೆಲದ ಮೇಲೇ ಕುಸಿದು ಕುಳಿತು ಅತ್ತಳು. ಅಕ್ಕ ಆಯಿಲ್ ಮೆತ್ತಿದ ಕೈಯಲ್ಲೇ ಅವಳ ತಲೆ ನೇವರಿಸಿ, ತಗಡನ್ನು ಹೊಸದಾಗಿ ಬೆಸೆಯಲು ಎದ್ದಳು.